ಸಾಹೇಬ್ರು ಚಾ ಕುಡದ್ರೇನು?

ಬಾಲಿಗೆ ಹೋಗುವುದೆಂದು ನಿಶ್ಚಯವಾದ ಮರುದಿನದಿಂದಲೇ ನಮ್ಮ ಯಜಮಾನರು ಬಾಲಿಯಲ್ಲಿ ಎಷ್ಟು ಬಗೆಯಲ್ಲಿ ಸಾಯಬಹುದು ಎಂಬುದನ್ನು ಓದತೊಡಗಿದರು. ಸ್ನಾನ, ಸಂಧ್ಯಾವಂದನೆ ಮುಗಿಸಿ ಅವಲಕ್ಕಿಯ ತಾಟು ಮುಂದಿಟ್ಟುಕೊಂಡು ಕೂತರೆಂದರೆ ಮೊಬೈಲು ಮೂಗಿಗೆ ಅಂಟಿತೆಂದೇ ಲೆಕ್ಕ. ಅವಲಕ್ಕಿ ಆರಿ ಹೋಗುತ್ತಿತ್ತು, ಇವರ ಉತ್ಸಾಹ ಆರುತ್ತಿರಲಿಲ್ಲ.

“ಇಲ್ಲೆ ಕೇಳು ಶುಭಾ. ‘ಪ್ರವಾಸಿಗರು ಹೆಚ್ಚಾಗಿ ಸೇರುವ ಸ್ಥಳಗಳ ಮೇಲೆ ಭಯೋತ್ಪಾದಕರ ದಾಳಿಯ ಸಾಧ್ಯತೆಯನ್ನು ತಳ್ಳಿಹಾಕಲಾಗದು.’ ಯಾರೋ ಹಾದ್ಯಾಗ ಹೋಗೋವ ಅಂದದ್ದಲ್ಲ ಇದು. ಸರ್ಕಾರ ಅಂದದ್ದು.”

“ಯಾವ ಸರ್ಕಾರರೀ?”

“ಎಲ್ಲಾ ಸರ್ಕಾರ. ನಮ್ಮದು, ಇಂಗ್ಲೆಂಡಿನವರದು, ಆಸ್ಟ್ರೇಲಿಯಾದವರದು. ಆಸ್ಟ್ರೇಲಿಯಾದವರಂತೂ ಭಾಳ ಛಂದ ಬರದಾರ ಬಿಡು.”

ಇಂಗ್ಲಿಷಿನಲ್ಲಿದ್ದುದನ್ನು ಇವರು ಓದುತ್ತ ಓದುತ್ತಲೇ ಕಚೇರಿ ಕನ್ನಡಕ್ಕೆ ತರುತ್ತಿದ್ದರು. ಹೆದರಿಕೆಗಿಂತ ಹೆಚ್ಚಾಗಿ ಇವರ ಮುಖದಲ್ಲಿ ಕಾಣುತ್ತಿದ್ದುದು ಮೆಚ್ಚುಗೆ. ಒಬ್ಬ ಬಡಿಗ ಇನ್ನೊಬ್ಬ ಬಡಿಗ ಮಾಡಿದ ಬಾಗಿಲನ್ನು ಸವರಿ ನೋಡುವ ಹಾಗೆ ಆ ಸಾಲುಗಳನ್ನು ಮತ್ತೆ ಮತ್ತೆ ಓದುತ್ತಿದ್ದರು.

ಅದಕ್ಕೆ ಕಾರಣವಿದೆ. ಇವರ ಹೆಸರು ದತ್ತಾತ್ರೇಯ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ದಿನಕ್ಕೆ ಎರಡು ಸಲವಾದರೂ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ, ಆ ಮಾತು ಬೇರೆ. ಜಮಖಂಡಿ, ಮುಧೋಳ, ಬೀಳಗಿ ಅಂತ ತಿರುಗಿ ಕಡೆಗೆ ಉಪತಹಶೀಲ್ದಾರರಾಗಿ ಇವರು ನಿವೃತ್ತರಾದರು. ಕಂದಾಯದ ಕೆಲಸ ನೂರೆಂಟಿದ್ದರೂ ಇವರ ಹೆಸರು ನಿಂತದ್ದು ಒಂದೇ ಕೆಲಸದಿಂದ. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಕೃಷ್ಣೆಗೆ ನೀರು ಬಿಟ್ಟರೆಂದರೆ ಜೀಪಿಗೆ ಧ್ವನಿವರ್ಧಕ ಕಟ್ಟಿಕೊಂಡು ಹಿಪ್ಪರಗಿಯಿಂದ ಬೀಳಗಿಯ ಕಡೆಯ ತನಕ ಹೊಳೆದಂಡೆಯ ಊರುಗಳಲ್ಲಿ ಎಚ್ಚರಿಕೆ ಸಾರುತ್ತ ಹೋಗುವವರು ಇವರೇ. “ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು. ಪ್ರವಾಹದ ಸಾಧ್ಯತೆಯನ್ನು ತಳ್ಳಿಹಾಕಲಾಗದು.” ಬರೆದದ್ದೂ ಇವರೇ, ಓದಿದ್ದೂ ಇವರೇ.

ಮೂವತ್ತು ವರ್ಷ ಇದನ್ನೇ ಹೇಳಿದ ಬಾಯಿಗೆ ಬೇರೆ ಮಾತು ಬರಲೊಲ್ಲದು. ನಮ್ಮ ಮಗಳು ಧನಶ್ರೀ ಹುಟ್ಟುವಾಗ ಆಸ್ಪತ್ರೆಯ ಹೊರಗೆ ನನ್ನ ತಾಯಿ ಕಣ್ಣೀರು ಹಾಕಿ, “ಏನೂ ಆಗೂದಿಲ್ಲ ಅಂತ ಒಂದು ಮಾತು ಅನ್ರಿ ಅಳಿಯಂದ್ರ” ಎಂದಿದ್ದರಂತೆ. ಇವರು, “ಹಂಗ ಹ್ಯಾಂಗ ಅನ್ಲಿಕ್ಕೆ ಬರ್ತದ್ರಿ, ಕೂಸು ಕೈಯಾಗ ಬರೋ ತನಕ?” ಎಂದರಂತೆ. ಇವರ ತರ್ಕ ಸರಳವಾದದ್ದು. ಎಚ್ಚರಿಕೆ ಹೇಳಿ ಏನೂ ಆಗದಿದ್ದರೆ ಜನ ನಗುತ್ತಾರೆ, ಅಷ್ಟೇ. ಏನೂ ಆಗುವುದಿಲ್ಲ ಎಂದು ಹೇಳಿ ಏನಾದರೂ ಆದರೆ ಮಾತು ಯಾರ ಕೊರಳಿಗೆ ಬರುತ್ತದೆ?

ಇನ್ನು ನನ್ನ ವಿಷಯ. ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿದವಳು. ಪ್ರತಿವರ್ಷ ಬೋರ್ಡಿನ ತುಂಬ ಜ್ವಾಲಾಮುಖಿ ಬರೆಯುತ್ತಿದ್ದೆ. ಕೆಂಪು ಸೀಮೆಸುಣ್ಣದಲ್ಲಿ ಲಾವಾರಸ, ಬಿಳಿಯದರಲ್ಲಿ ಹೊಗೆ. ಪ್ರತಿವರ್ಷ ಯಾವುದೋ ಒಂದು ಮಗು ಎದ್ದು ನಿಂತು, “ಅಕ್ಕಾರ್ರೀ, ನೀವು ಖರೇ ಖರೇ ನೋಡೀರೇನ್ರಿ?” ಎಂದು ಕೇಳುತ್ತಿತ್ತು. ಇಲ್ಲ ಎಂದು ಹೇಳಿ ಬೋರ್ಡಿನತ್ತ ತಿರುಗಿ ಹೊಗೆಗೆ ಇನ್ನಷ್ಟು ಬಿಳಿ ತುಂಬುತ್ತಿದ್ದೆ. ಬೇಸಿಗೆ ರಜೆಯಲ್ಲಿ ಇವರಿಗೆ ಕುಡಿಯುವ ನೀರಿನ ಕೆಲಸ, ಮಳೆಗಾಲದಲ್ಲಿ ಹೊಳೆಯ ಕೆಲಸ, ದೀಪಾವಳಿಗೆ ಯಾವುದಾದರೊಂದು ಚುನಾವಣೆ. ನಾವಿಬ್ಬರೂ ಕೂಡಿ ನೋಡಿದ ಅತಿ ದೂರದ ಊರು ಪಂಢರಪುರ. ಈಗ ನನ್ನ ಎರಡೂ ಮೊಣಕಾಲಿಗೆ ಆಪರೇಶನ್ ಆಗಬೇಕೆಂದು ಡಾಕ್ಟರು ಹೇಳಿದ್ದಾರೆ. ಏರುವುದಿದ್ದರೆ ಈ ವರ್ಷವೇ ಏರಬೇಕು. ಇಲ್ಲದಿದ್ದರೆ ಬೋರ್ಡಿನ ಮೇಲೆ ಬರೆದದ್ದೇ ನನ್ನ ಪಾಲಿನ ಜ್ವಾಲಾಮುಖಿ.

ಅಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿ ನಂದಕಿಶೋರ ಬಂದ. ಬಸ್‌ಸ್ಟ್ಯಾಂಡಿನ ಎದುರು ಟ್ರಾವೆಲ್ಸ್ ಇಟ್ಟುಕೊಂಡು ಕಾಶಿ, ಶಿರ್ಡಿ, ತಿರುಪತಿ ಎಂದು ಜನರನ್ನು ಕರೆದೊಯ್ಯುವ ಹುಡುಗ. ಮೊದಲ ಸಲ ಸಮುದ್ರ ದಾಟುವ ಧೈರ್ಯ ಮಾಡಿದ್ದ. “ಅಕ್ಕಾರ, ಬಾಲಿಗೆ ಹೋಗೂಣು ಬರ್ರಿ. ನಮ್ಮಂಗ ಗುಡಿಗುಂಡಾರ ಅದಾವು, ಅಡಿಗಿಯವ ನಮ್ಮವನ, ಜ್ವಾಲಾಮುಖಿ ಅಂತೂ ಹೋಟೆಲಿನ ಕಿಡಕ್ಯಾಗಿಂದ ಕಾಣತೈತಿ” ಎಂದ. ಇಪ್ಪತ್ತು ಮಂದಿಯಾದರೆ ಮಾತ್ರ ಪ್ರವಾಸ, ಇಲ್ಲದಿದ್ದರೆ ಇಲ್ಲ ಎಂಬುದು ಅವನ ಕರಾರು. ನಾನು ಅಲ್ಲೇ ನಿಂತ ಕಾಲಿನ ಮೇಲೆ ಇಬ್ಬರ ಹೆಸರನ್ನೂ ಬರೆಸಿದೆ. ಇವರು ಆಗ ಸಂಡಾಸಿನಲ್ಲಿದ್ದರು.

ಹೊರಗೆ ಬಂದವರು ಬೇಡವೆನ್ನಲಿಲ್ಲ, ಓದತೊಡಗಿದರು. ಬಾಲಿಯಲ್ಲಿ ಹಿಂದೆ ಎರಡು ಸಲ ಬಾಂಬು ಸಿಡಿದು ಜನ ಸತ್ತದ್ದು ಖರೆ. ಅದನ್ನು ಕೇಳಿ ನನಗೂ ಎದೆ ಝಲ್ಲೆಂದಿತು, ನಾನೇನು ಕಲ್ಲಲ್ಲ. ಆದರೆ ಅದಾಗಿ ಹತ್ತು ವರ್ಷದ ಮೇಲಾಗಿತ್ತು. ಇವರು ಓದುವಾಗ ಮಾತ್ರ ನಿನ್ನೆ ಸಂಜೆ ಆದಂತೆ ಕೇಳಿಸುತ್ತಿತ್ತು. ಒಂದು ದಿನ, “ಇನ್ನೂ ಒಂದು ಅದ ನೋಡು, ಜ್ವಾಲಾಮುಖಿ ಸಿಡಿಯುವ ಸಾಧ್ಯತೆಯನ್ನೂ...” ಎಂದು ಶುರುಮಾಡಿದರು.

“ರೀ, ಅದನ್ನ ನೋಡ್ಲಿಕ್ಕೇ ಹೊಂಟದ್ದು ನಾನು” ಎಂದು ತಾಟು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ನನಗೊಂದು ಯುಕ್ತಿ ಹೊಳೆಯಿತು. “ಆ ಆಸ್ಟ್ರೇಲಿಯಾದವರು ಜಗತ್ತಿನ ಎಲ್ಲಾ ದೇಶದ ಬಗ್ಗೆನೂ ಬರದಾರಲ್ಲ, ನಮ್ಮ ದೇಶಕ್ಕ ಬರೋವರಿಗೆ ಏನು ಹೇಳ್ಯಾರ, ಅದನ್ನೂ ಓದ್ರಿ” ಎಂದೆ. ಇವರು ಓದಿದರು. ಸಂತೆ, ಗುಡಿ, ರೈಲು ನಿಲ್ದಾಣ, ಜನ ಸೇರುವಲ್ಲೆಲ್ಲ ಎಚ್ಚರವಾಗಿರಬೇಕಂತೆ, ವಾರಸುದಾರರಿಲ್ಲದ ಚೀಲ ಕಂಡರೆ ದೂರ ಸರಿಯಬೇಕಂತೆ. “ನೋಡ್ರಿ, ಅಪಾಯ ಇಲ್ಲೂ ಅದ. ಅಂದಮ್ಯಾಲ ಬಾಲಿಗೆ ಹೋದ್ರೇನು, ಇಲ್ಲೇ ಇದ್ರೇನು?” ಎಂದೆ, ಗೆದ್ದೆ ಅಂದುಕೊಂಡು.

ಗೆದ್ದಿರಲಿಲ್ಲ. ಅಂದಿನಿಂದ ಇವರು ಬಾಲಿಗೆ ಹೆದರುವುದರ ಜೊತೆಗೆ ಜಮಖಂಡಿಗೂ ಹೆದರತೊಡಗಿದರು. ಸಂತೆಗೆ ಹೋಗುವುದು ಬಿಟ್ಟರು. ತರಕಾರಿ ಹೊರುವುದು ನನ್ನ ಮೊಣಕಾಲಿನ ಪಾಲಿಗೆ ಬಂತು. ಪೆನ್ಶನ್ನಿನ ಕೆಲಸಕ್ಕೆ ಮುಧೋಳಕ್ಕೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಇಲ್ಲದ ಒಂದು ಚೀಲ ನೋಡಿ, ತಮ್ಮ ಹಳೆಯ ಜೀಪಿನ ದನಿ ತೆಗೆದು, “ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು!” ಎಂದು ಕೂಗಿದ್ದಾರೆ. ಚೀಲ ಅಲ್ಲಾಡಿದೆ. ಅರ್ಧ ಬಸ್‌ಸ್ಟ್ಯಾಂಡು ಖಾಲಿಯಾಗಿದೆ. ಆಮೇಲೆ ಮೂತ್ರಕ್ಕೆ ಹೋಗಿದ್ದ ಮುದುಕಿಯೊಬ್ಬಳು ಬಂದು, “ನನ್ನ ಕೋಳಿ ನಿನಗೇನ ಮಾಡಿತ್ತೋ ಯಪ್ಪಾ?” ಎಂದು ಚೀಲ ಎತ್ತಿಕೊಂಡು ಹೋಗಿದ್ದಾಳೆ. ಇದನ್ನು ನನಗೆ ಹೇಳಿದ್ದು ಇವರಲ್ಲ, ಮುಧೋಳದಲ್ಲಿರುವ ನನ್ನ ತಮ್ಮ.

ಆ ಸಂಜೆ ಇವರು ಅವಮಾನದಿಂದಲೋ ಹೆದರಿಕೆಯಿಂದಲೋ ನಂದಕಿಶೋರನಿಗೆ ಫೋನು ಮಾಡಿ, ನಮ್ಮಿಬ್ಬರ ಹೆಸರು ತೆಗೆದುಬಿಡು ಎಂದರು. ನನ್ನನ್ನು ಕೇಳಲಿಲ್ಲ. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೇಳಿಸಿಕೊಂಡೆ. ಅಂದಿನ ರೊಟ್ಟಿಗಳು ಎಂದಿಗಿಂತ ತೆಳ್ಳಗಾದವು.

ನಂದಕಿಶೋರ ಮರುದಿನ ಬೆಳಿಗ್ಗೆಯೇ ಓಡಿ ಬಂದ. ಇವರು ದೇವರ ಮನೆಯಲ್ಲಿದ್ದರು. “ಅಕ್ಕಾರ, ನನ್ನ ಕತಿ ಮುಗೀತ್ರಿ. ನೀವಿಬ್ಬರೇ ಆಗಿದ್ರ ಚಿಂತಿ ಇರಲಿಲ್ಲ. ಸಾಹೇಬ್ರು ಒಲ್ಲೆ ಅಂದಾರಂತ ಬನಹಟ್ಟಿ ಮಹಾಲಿಂಗಣ್ಣ ತಾನೂ ಒಲ್ಲೆ ಅಂದಾನ. ಹಿಪ್ಪರಗಿ ಕಡೆ ಪರಮಾನಂದ ಕಾಕಾ, ಅವರ ಜೋಡಿ ಬರೋ ಮಂದಿ, ಎಲ್ಲಾರೂ ‘ಸಾಹೇಬ್ರನ್ನ ನೋಡಿಬಂದು ಹೇಳ್ತೇವಿ ತಡಿ’ ಅಂದಾರ. ಹೊಳಿದಂಡಿ ಜನಕ್ಕ ಸಾಹೇಬ್ರ ಅಂದ್ರ ದೇವ್ರ ಇದ್ದಂಗ್ರಿ. ಇವತ್ತ ಸಂಜಿಕ ಬರ್ತಾರ” ಎಂದು ತಲೆಯ ಮೇಲೆ ಕೈಹೊತ್ತ.

“ನೋಡಿಬಂದು” ಎಂಬ ಮಾತು ಕೇಳಿದ್ದೇ ನನ್ನ ಮೈಯಲ್ಲಿ ಜೀವ ಬಂತು. “ನೀ ಹೋಗು, ನಾ ನೋಡ್ಕೋತೀನಿ” ಎಂದು ಅವನನ್ನು ಕಳಿಸಿ, ಶುಂಠಿ ತೊಳೆದಿಟ್ಟೆ.

ಶುಂಠಿಗೂ ಇದಕ್ಕೂ ಏನು ಸಂಬಂಧ ಎಂದು ತಿಳಿಯಬೇಕಾದರೆ 2005ರ ದೊಡ್ಡ ಹೊಳೆಯ ಮಾತು ಹೇಳಬೇಕು. ಆ ವರ್ಷ ಹೊಳೆದಂಡೆಯ ಜನ ಕುರಿ, ಎಮ್ಮೆ ಸಮೇತ ಬಂದು ನಮ್ಮ ಹೈಸ್ಕೂಲಿನಲ್ಲಿ ಉಳಿದಿದ್ದರು. ನನ್ನ ಭೂಗೋಳದ ಕೋಣೆಯಲ್ಲಿ ಉಳಿದವಳು ಸಾತವ್ವ. ಅವಳ ಗಂಡನೇ ಈ ಪರಮಾನಂದ. ಬೀರಪ್ಪನ ಒಕ್ಕಲು, ಮೊದಲು ಕುರಿ ಮೇಯಿಸುತ್ತಿದ್ದವರು, ಆಮೇಲೆ ಕಬ್ಬು. ಒಂದು ಮಧ್ಯಾಹ್ನ ನಾನು ಹೆಮ್ಮೆಯಿಂದ, “ನಿಮ್ಮೂರಿಗೆ ಬಂದು ಎಚ್ಚರಿಕೆ ಹೇಳಿದವರು ನಮ್ಮನಿಯವರೇ ಸಾತವ್ವ” ಎಂದೆ.

ಸಾತವ್ವ ಕಣ್ಣರಳಿಸಿದಳು. “ಹೌದೇನ್ರಿ ಅಕ್ಕಾರ? ಚಾ ಸಾಹೇಬ್ರ ಮನಿಯವ್ರೇನ್ರಿ ನೀವು?”

“ಚಾ ಸಾಹೇಬ್ರು ಅಂದ್ರ?”

“ಅವರು ವರ್ಷಾ ಬಂದು ಹೊಳಿ ಬರ್ತೈತಿ ಓಡ್ರಿ ಓಡ್ರಿ ಅಂತಾರ್ರಿ. ಆಮ್ಯಾಲ ನಮ್ಮ ಕಟ್ಟಿ ಮ್ಯಾಲ ಕುಂತು ನಿವಾಂತ ಎರಡ ಕಪ್ಪ ಚಾ ಕುಡಿತಾರ. ಹೊಳಿ ಬರೂದು ಖರೆ ಇದ್ರ ಯಾರರ ಚಾ ಕುಡಕೋತ ಕುಂದರ್ತಾರೇನ್ರಿ? ಅದಕ್ಕ ನಾವು ಜೀಪಿನ ಮಾತ ಕೇಳೂದ ಬಿಟ್ಟೇವಿ. ‘ಸಾಹೇಬ್ರು ಚಾ ಕುಡದ್ರೇನು’ ಅಂತ ಅಷ್ಟ ಕೇಳ್ತೇವಿ. ಈ ವರ್ಷ ನಾನ ಕಪ್ಪ ತಂದು ಮುಂದ ಹಿಡದ್ಯಾ. ಒಲ್ಲೆ ಅಂದು ಜೀಪ ಹತ್ತಿ ಓಡೇ ಹೋದ್ರು! ನಮ್ಮ ಎದಿ ಒಡೀತ್ರಿ. ಹೊತ್ತ ಮುಣಗೂದ್ರಾಗ ಊರ ಖಾಲಿ ಮಾಡಿದ್ವಿ.”

ಅದೇ ರಾತ್ರಿ ನೀರು ಅವರ ಮನೆಗಳ ಮಾಳಿಗೆ ಮುಟ್ಟಿತ್ತು. ಒಂದು ಕುರಿಮರಿಯೂ ಹೋಗಲಿಲ್ಲ. ಆಗಸ್ಟ್ ಹದಿನೈದಕ್ಕೆ ಇವರಿಗೆ ಪ್ರಶಂಸಾಪತ್ರ ಕೊಟ್ಟರು. ಅದು ಕಟ್ಟು ಹಾಕಿಸಿಕೊಂಡು ನಮ್ಮ ಪಡಸಾಲೆಯಲ್ಲಿ ದತ್ತಗುರುವಿನ ಪಟದ ಪಕ್ಕ ಇವತ್ತಿಗೂ ಇದೆ. ಆ ವರ್ಷ ಇವರು ಸೂಚನೆಯಲ್ಲಿ ‘ತೆರಳತಕ್ಕದ್ದು’ ಎಂಬುದರ ಮೊದಲು ‘ತಕ್ಷಣ’ ಎಂಬ ಶಬ್ದ ಹೊಸದಾಗಿ ಸೇರಿಸಿದ್ದರು. ಊರು ಉಳಿಸಿದ್ದು ಆ ಶಬ್ದವೇ ಎಂದು ಇವರ ನಂಬಿಕೆ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಆ ದಿನ ಇವರು ಚಹಾ ಒಲ್ಲೆ ಅಂದದ್ದರ ಖರೆ ಕಾರಣ ಜಗತ್ತಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಹಿಂದಿನ ದಿನ ರಬಕವಿಯಲ್ಲಿ ಒಂದು ಲಗ್ನಕ್ಕೆ ಹೋಗಿ ಇವರು ಮಿತಿಮೀರಿ ಮಿರ್ಚಿಭಜಿ ತಿಂದು ಬಂದಿದ್ದರು. ಬೆಳಿಗ್ಗೆ ನಾನು ಬರೀ ಮಜ್ಜಿಗೆ ಕುಡಿಸಿ ಕಳಿಸಿದ್ದೆ. ಆ ದಿನ ಸಾತವ್ವನ ಕಟ್ಟೆಯಿಂದ ಇವರು ಓಡಿದ್ದು ಹೊಳೆಗೆ ಹೆದರಿ ಅಲ್ಲ. ಇಷ್ಟು ವರ್ಷ ನಾನು ಬಾಯಿ ಬಿಟ್ಟಿಲ್ಲ. ಗೋಡೆಯ ಮೇಲಿನ ಪಟ ನೋಡಿ ಗಂಡಸು ದಿನಾಲೂ ಎದೆಯುಬ್ಬಿಸಿಕೊಂಡರೆ ಹೆಂಡತಿಗೆ ನಷ್ಟವೇನು?

ಸಂಜೆ ಪರಮಾನಂದ, ಸಾತವ್ವ ಬಂದರು. ಪರಮಾನಂದ ರುಮಾಲು ಸರಿಪಡಿಸಿಕೊಂಡು ಕೂತ. “ಬೀರಪ್ಪನ ಮುಂದ ಹೂವ ಹಚ್ಚಿ ಕೇಳೇವ್ರಿ ಸಾಹೇಬ್ರ. ಬಲಕ್ಕ ಬಿತ್ತು. ದೇವ್ರು ಹೋಗ್ರಿ ಅಂದಾನ. ಆದ್ರ ಬೀರಪ್ಪಗ ಮಳಿ ಗೊತ್ತು, ಕುರಿ ಗೊತ್ತು. ಈ ಬಾಂಬಿನ ಕತಿ ನಿಮಗ ಗೊತ್ತು. ಅದಕ್ಕ ಕೇಳಿಹೋಗೂಣು ಅಂತ ಬಂದೇವಿ” ಎಂದ.

ಇಂಥ ಕೇಳುಗರು ನಿವೃತ್ತಿಯ ಮೇಲೆ ಇವರಿಗೆ ಸಿಕ್ಕಿರಲಿಲ್ಲ. ಕನ್ನಡಕ ಏರಿಸಿ ಶುರುಮಾಡಿದರು. ನಮ್ಮ ಸರ್ಕಾರ ಹೀಗೆ, ಇಂಗ್ಲೆಂಡು ಹಾಗೆ, ಆಸ್ಟ್ರೇಲಿಯಾ ಇನ್ನೂ ಹೇಗೆ. ಸಮುದ್ರದಂಡೆಗೆ ಹೋಗಬಾರದು, ದೊಡ್ಡ ಹೋಟೆಲಿನಲ್ಲಿ ಕೂಡಬಾರದು, ಸಣ್ಣದರಲ್ಲಿ ಉಣ್ಣಬಾರದು. ನಾನು ಒಳಗಿಂದ ದೊಡ್ಡ ಕಪ್ಪಿನಲ್ಲಿ ಹಬೆಯಾಡುವ ಶುಂಠಿ ಚಹಾ ತಂದು ಇವರ ಬಲಗೈಗೆ ನಿಲುಕುವಂತೆ ಇಟ್ಟೆ. ಮಾತಿನ ಭರದಲ್ಲಿ ಇವರು ಎತ್ತಿದರು, ಕುಡಿದರು, ಇಟ್ಟರು, ಮತ್ತೆ ಎತ್ತಿದರು. ಪರಮಾನಂದ, ಸಾತವ್ವರ ನಾಲ್ಕು ಕಣ್ಣುಗಳು ಕಪ್ಪಿನ ಜೊತೆಗೇ ಬಸಿಯಿಂದ ತುಟಿಗೆ, ತುಟಿಯಿಂದ ಬಸಿಗೆ ಓಡಾಡುತ್ತಿದ್ದವು. ನಾನು ಇನ್ನೊಂದು ಕಪ್ಪು ತಂದೆ. ಅದೂ ಮುಗಿಯಿತು.

ಪರಮಾನಂದ ನಿಟ್ಟುಸಿರು ಬಿಟ್ಟು ಎದ್ದ. “ತಿಳೀತ್ರಿ ಸಾಹೇಬ್ರ. ಭಾಳ ಉಪಕಾರ ಆತು.”

“ಎಷ್ಟು ಲಕ್ಷ್ಯಗೊಟ್ಟು ಕೇಳಿದ್ರು ನೋಡು” ಎಂದು ಅವರು ಹೋದ ಮೇಲೆ ಇವರು ನನಗೆ ಹೇಳಿದರು. ಹೌದೆಂದೆ.

ಮರುದಿನ ನಮ್ಮ ಫೋನಿಗೆ ಬಿಡುವಿಲ್ಲ. ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುವ ಮಹಾಲಿಂಗ, “ಅಕ್ಕಾರ, ಸಾಹೇಬ್ರು ಚಾ ಕುಡದ್ರಂತಲ್ರಿ, ಖರೆ ಏನ್ರಿ?” ಎಂದು ಕೇಳಿದ. “ಎರಡು ಕಪ್ಪು ಕುಡದಾರ, ಶುಂಠಿ ಹಾಕಿದ್ದೆ” ಎಂದೆ. “ಹಂಗಾರ ನಮ್ಮ ಹೆಸರ ಇರಲಿ ಅಂತ ನಂದಕಿಶೋರಗ ಹೇಳಿಬಿಡ್ತೇನ್ರಿ” ಎಂದು ಇಟ್ಟ. ಮಧ್ಯಾಹ್ನದ ಹೊತ್ತಿಗೆ ಒಲ್ಲೆ ಅಂದವರೆಲ್ಲ ಮತ್ತೆ ಹೂಂ ಅಂದಿದ್ದರು. ಸಾವಳಗಿಯಿಂದ ಹೊಸದಾಗಿ ಇಬ್ಬರು ಬೇರೆ ಸೇರಿದ್ದರು.

ಇವರು ಕಂಗಾಲಾದರು. “ಇಷ್ಟು ತಿಳಿಸಿ ಹೇಳಿದೆ. ಒಂದು ತಾಸು ಹೇಳಿದೆ. ಇವರೇನು ಮನುಷ್ಯಾರೋ ಏನು ಮತ್ತ?”

“ನಾನೂ ಅವರ ಜೋಡಿ ಹೊಂಟೀನ್ರಿ” ಎಂದೆ. “ನೀವು ಬರಬ್ಯಾಡ್ರಿ. ಕುಕ್ಕರ್ ಹಚ್ಚೂದು ಕಲಸಿಕೊಟ್ಟು ಹೋಗ್ತೀನಿ.”

ಇವರು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡಿದರು. ಪಟದ ಮುಂದೆ ನಿಂತರು. ಕಡೆಗೆ, “ಹಂಗಾದ್ರ ನಾನೂ ಬರ್ತೀನಿ. ಅಷ್ಟು ಮಂದಿ ಹೊಂಟಾರ ಅಂದ್ರ ಅಲ್ಲೆ ಎಚ್ಚರಿಕೆ ಹೇಳ್ಲಿಕ್ಕೆ ಯಾರಾದ್ರೂ ಒಬ್ಬರು ಬೇಕಲ್ಲ” ಎಂದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಖುಷಿಯಲ್ಲಿ, ಇಬ್ಬರೇ ಇರುವ ಮನೆಗೆ ಇಪ್ಪತ್ತು ಚಪಾತಿಯ ಹಿಟ್ಟು ಕಲಸಿದೆ.

ಹೊರಡುವ ದಿನ ಬೆಳಿಗ್ಗೆ ಬಸ್ಸು ನಮ್ಮ ಮನೆಯ ಮುಂದೆಯೇ ನಿಂತಿತ್ತು. ಪುಣೆಯ ತನಕ ಬಸ್ಸು, ಅಲ್ಲಿಂದ ವಿಮಾನ. ಎಲ್ಲರೂ ಬಂದಿದ್ದರು. ಮಹಾಲಿಂಗ ಹೊಸ ಬಿಳಿ ಬೂಟು ಹಾಕಿದ್ದ. ಪರಮಾನಂದ ಭಂಡಾರ ಹಚ್ಚಿಕೊಂಡು ರುಮಾಲು ಸುತ್ತಿಕೊಂಡು, ಬಸ್ಸಿನ ಮೇಲೆ ಬ್ಯಾಗು ಏರಿಸುತ್ತಿದ್ದ. ಇವರು ಎಲ್ಲರ ಮುಂದೆ ನಿಂತು ಅಪರಿಚಿತರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಹೇಳುತ್ತಿದ್ದರು.

ಆಗ ಸಾತವ್ವ ಥರ್ಮಾಸಿನಿಂದ ಒಂದು ಕಪ್ಪು ಚಹಾ ಬಗ್ಗಿಸಿ ತಂದು ಇವರ ಮುಂದೆ ಹಿಡಿದಳು. “ತಗೋರಿ ಸಾಹೇಬ್ರ.”

“ಬ್ಯಾಡವ್ವಾ, ಒಲ್ಲೆ” ಎಂದರು ಇವರು.

ಬಸ್ಸಿನ ಮೇಲೆ ಪರಮಾನಂದನ ಕೈ ಹಾಗೆಯೇ ನಿಂತಿತು. ಮಹಾಲಿಂಗ ಮೆಟ್ಟಿಲಿನಿಂದ ಒಂದು ಬಿಳಿ ಬೂಟು ಕೆಳಗಿಟ್ಟ.

“ಒಂದ ಗುಟುಕರ ಕುಡೀರಿ” ಎಂದಳು ಸಾತವ್ವ, ಸಣ್ಣ ದನಿಯಲ್ಲಿ.

“ಒಲ್ಲೆ ಅಂದ್ನಲ್ಲ ತಾಯಿ. ಇವತ್ತ ಹನಿ ಸೈತ ಬ್ಯಾಡ.”

ಇವರು ಯಾಕೆ ಒಲ್ಲೆ ಎನ್ನುತ್ತಿದ್ದಾರೆಂದು ನನಗೆ ಗೊತ್ತು. ಈ ವಯಸ್ಸಿನ ಗಂಡಸರಿಗೆ ಬರುವ ತೊಂದರೆ ಇವರಿಗೂ ಇದೆ. ಒಂದು ಕಪ್ಪು ಕುಡಿದರೆ ತಾಸಿಗೆ ಎರಡು ಸಲ ಇಳಿಯಬೇಕು. ಪುಣೆಯ ತನಕ ಬಸ್ಸಿನ ದಾರಿ, ಬಸ್ಸಿನ ತುಂಬ ಹೆಣ್ಣುಮಕ್ಕಳು. ಅದನ್ನು ಬೀದಿಯಲ್ಲಿ ನಿಂತು ಹೇಳುವುದು ಹೇಗೆ? ಅಷ್ಟರಲ್ಲಿ ಏರಿದ ಬ್ಯಾಗುಗಳು ಒಂದೊಂದಾಗಿ ಇಳಿಯತೊಡಗಿದವು. ಸಾವಳಗಿಯವರು ಆಗಲೇ ತಮ್ಮ ಚೀಲ ಹಿಡಿದು ರಿಕ್ಷಾ ಕರೆಯುತ್ತಿದ್ದರು. ನಂದಕಿಶೋರ ಅವರ ಹಿಂದೆ ಓಡಿದ.

“ಏನಾತು? ಯಾಕ ಇಳಸ್ಲಿಕ್ಕತ್ತೀರಿ?” ಎಂದು ಇವರು ಗಾಬರಿಯಾದರು.

ಪರಮಾನಂದ ಬಸ್ಸಿನಿಂದ ಇಳಿದು ಬಂದ. ಸುಳ್ಳು ಹೇಳಲು ಬಾರದ ಮನುಷ್ಯ. ಎಲ್ಲವನ್ನೂ ಹೇಳಿಬಿಟ್ಟ. ಪ್ರತಿವರ್ಷದ ಕಟ್ಟೆ, ಎರಡು ಕಪ್ಪು, ದೊಡ್ಡ ಹೊಳೆಯ ವರ್ಷ ಇವರು ಕಪ್ಪು ಮುಟ್ಟದೆ ಓಡಿದ್ದು, ಅದನ್ನು ನೋಡಿ ಊರು ಓಡಿದ್ದು. ಮೊನ್ನೆ ಎರಡು ಕಪ್ಪು ಕುಡಿದದ್ದನ್ನು ನೋಡಿಯೇ ಎಲ್ಲರೂ ಹೊರಟದ್ದು. “ಈಗ ನೀವ ಒಲ್ಲೆ ಅಂದಮ್ಯಾಲ ನಾವ್ ಹ್ಯಾಂಗ ಹೋಗೂಣ್ರಿ?”

ಇವರು ನಮ್ಮ ಮನೆಯ ಕಟ್ಟೆಯ ಮೇಲೆ ಮೆಲ್ಲಗೆ ಕೂತರು. ಒಂದು ಗಳಿಗೆಯಲ್ಲಿ ಹತ್ತು ವರ್ಷ ಹೆಚ್ಚಾದವರಂತೆ ಕಂಡರು.

“ಅಂದ್ರ... ‘ತಕ್ಷಣ’ ಅಂತ ಸೇರಿಸಿದ್ದೆನಲ್ಲ ಆ ವರ್ಷ?”

“ಜೀಪಿನ ಮಾತೇನ್ರಿ? ಅದನ್ನ ಯಾರ ಕೇಳ್ಯಾರ್ರಿ ಸಾಹೇಬ್ರ. ಜೀಪಿನ ಮಾತು ಸರ್ಕಾರದ್ದು. ನಾವು ನಿಮ್ಮ ಮಾರಿ ನೋಡಿ ಓಡಿದ್ವಿ.”

ಇವರು ನನ್ನತ್ತ ತಿರುಗಿದರು. “ನಿನಗ ಗೊತ್ತಿತ್ತು?”

“ಗೊತ್ತಿತ್ರೀ.”

ಹತ್ತಿರ ಬಾ ಎಂದು ಕೈಮಾಡಿ, ಕಿವಿಯಲ್ಲಿ, “ಅವತ್ತ ನಾ ಯಾಕ ಓಡಿದ್ದು ಅಂತ ಇವರಿಗೆ ಹೇಳೀಯೇನು?” ಎಂದರು.

“ಇಲ್ರೀ.”

“ಹೇಳಬ್ಯಾಡ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ, ಅಳು ಬಂತು. ಚಹಾದ ಆಟ ಆಡಿ ಇವರನ್ನು ಇಲ್ಲಿಯ ತನಕ ಎಳೆದು ತಂದವಳು ನಾನು. ಈಗ ಇಡೀ ಬೀದಿಯ ಮುಂದೆ ಇವರ ಪಟ ಗೋಡೆಯಿಂದ ಬಿದ್ದಿತ್ತು. ನನಗೆ ಜ್ವಾಲಾಮುಖಿ ಬೇಕಿತ್ತು, ಬಹಳ ಬೇಕಿತ್ತು. ಆದರೂ ಹೇಳಿದೆ. “ನಿಮಗ ಮನಸಿನಾಗ ಖರೇ ಬ್ಯಾಡ ಅನಿಸಿದ್ರ ಬ್ಯಾಡ್ರಿ. ನನ್ನ ಸಲುವಾಗಿ ಸುಳ್ಳು ಚಹಾ ಕುಡೀಬ್ಯಾಡ್ರಿ. ಬ್ಯಾಗು ಒಳಗ ಒಯ್ಯೋಣು.”

ನಾನು ಬ್ಯಾಗು ಎತ್ತಲು ಬಾಗಿದೆ. ಮೊಣಕಾಲು ಕಟಕ್ಕೆಂದಿತು. ಅಮ್ಮಾ ಎಂದು ಕಟ್ಟೆ ಹಿಡಿದುಕೊಂಡೆ.

ಇವರು ನನ್ನ ಮೊಣಕಾಲನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಸಾತವ್ವನತ್ತ ಕೈ ಚಾಚಿದರು. ಅವಳು ಕಪ್ಪು ಕೊಟ್ಟಳು. ಇವರು ಕುಡಿಯಲಿಲ್ಲ, ಒಳಗೆ ಇಣುಕಿದರು. “ಶುಭಾ, ಇದರಾಗ ‘ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಅಂತ ಬರೀಲಿಕ್ಕೆ ಜಾಗಾನೇ ಇಲ್ಲಲ್ಲ” ಎಂದರು. ತಮಾಷೆ ಮಾಡುತ್ತಿರಲಿಲ್ಲ.

ಬಸ್ಸಿನ ಸುತ್ತಲಿನ ಜನ ಇವರನ್ನೇ ನೋಡುತ್ತಿದ್ದರು. ಇವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ಎದ್ದು ನಿಂತರು. “ಏನೂ ಆಗೂದಿಲ್ಲ” ಎಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಇವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಚಹಾ ಕುಡಿದರು, ಅರ್ಧ ಕಪ್ಪಿನ ತನಕ. ಆಮೇಲೆ ಉಳಿದ ಅರ್ಧವನ್ನು ನನ್ನ ಮುಂದೆ ಹಿಡಿದರು.

“ತಗೋ. ಒಬ್ಬಾವ ಹೊರೂ ಮಾತಲ್ಲ ಇದು. ನೀನೂ ಕುಡಿ.”

ಇವರು ತಮ್ಮ ತಾಯಿಯ ಎಂಜಲನ್ನೂ ಮುಟ್ಟದ ಮಡಿವಂತರು. ಮನೆಯಲ್ಲಿ ಇವರ ಕಪ್ಪು ಬೇರೆ, ಬಸಿ ಬೇರೆ. ಬೀದಿಯಲ್ಲಿ, ಬಿಸಿಲೇರುವ ಹೊತ್ತಿನಲ್ಲಿ, ಮಹಾಲಿಂಗ, ಪರಮಾನಂದ, ನನ್ನ ಹಳೆಯ ವಿದ್ಯಾರ್ಥಿ ಎಲ್ಲರ ಎದುರಿಗೆ ನಾನು ಇವರು ಬಾಯಿ ಹಚ್ಚಿದ ಕಪ್ಪಿನಲ್ಲೇ ಉಳಿದ ಚಹಾ ಕುಡಿದೆ. ಸಾತವ್ವ ಸಕ್ಕರೆ ಬಹಳ ಹಾಕಿದ್ದಳು. ಪರಮಾನಂದ, “ಹೇರಲೇ ಬ್ಯಾಗ!” ಎಂದು ಜೊತೆಗೆ ಬಂದಿದ್ದ ತನ್ನ ತಮ್ಮನಿಗೆ ಕೂಗಿದ. ನಂದಕಿಶೋರ ಸಾವಳಗಿಯವರನ್ನು ರಿಕ್ಷಾದಿಂದ ಇಳಿಸಿಕೊಂಡು ಬಂದ.

ಅಥಣಿ ಮುಟ್ಟುವ ಮೊದಲೇ ಬಸ್ಸು ಮೂರು ಸಲ ನಿಂತಿತು. ಮೂರೂ ಸಲ ಇವರೊಬ್ಬರೇ ಇಳಿದು ಜಾಲಿಯ ಮರೆಗೆ ಹೋದರು, ಮೂರೂ ಸಲ ಬಸ್ಸಿನ ಹೆಣ್ಣುಮಕ್ಕಳೆಲ್ಲ ಆ ಕಡೆಯ ಕಬ್ಬಿನ ಹೊಲ ನೋಡುತ್ತ ಕೂತರು. ನಾಲ್ಕನೆಯ ಸಲ ಇವರು ಹತ್ತಿ ಬಂದಾಗ ಸಾತವ್ವ ಮತ್ತೆ ಥರ್ಮಾಸು ತೆಗೆದಳು. ಇವರು ನನ್ನ ಮುಖ ನೋಡಿದರು, ಸುತ್ತಲಿದ್ದವರ ಮುಖ ನೋಡಿದರು, ದೊಡ್ಡ ಉಸಿರೆಳೆದು ಕೈ ಚಾಚಿದರು.